ಯಂಕೇಶನ ಜೇಬಿನ ವರದಿ

ಅಕ್ಕಿ ಗಿರಣಿಯಲ್ಲಿ ತೂಕ ಮಾಡುವ ಯಂಕೇಶನ ತಪ್ಪು ಇಷ್ಟೇ: ಲ್ಯಾಬಿನ ವರದಿಯನ್ನು ತೆಳ್ಳನೆಯ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಗಂಗಾವತಿಯಲ್ಲಿ ಯಾರಿಗೂ ತಿಳಿಯಬಾರದೆಂದು ಕೊಪ್ಪಳಕ್ಕೆ ಹೋಗಿ ಮಾಡಿಸಿದ ಪರೀಕ್ಷೆ ಅದು. ‘ನಿಲ್ ಅಂತ ಬರೆದಿದೆ, ಅಂದರೆ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲ. ಮಕ್ಕಳಾಗದ್ದಕ್ಕೆ ಕಾರಣ ಇದು’ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು.

ಮನೆ ಮುಟ್ಟುವಷ್ಟರಲ್ಲಿ ಕಟ್ಟೆಯ ಮೇಲೆ ಕನಕಗಿರಿಯ ಅಯ್ಯಪ್ಪ ಕುಳಿತಿದ್ದ. ಮಕ್ಕಳಾಗದ ಸೊಸೆ ಶಾಂಭವಿಯಿಂದ ಸೋಡಚೀಟಿ, ಅಂದರೆ ವಿಚ್ಛೇದನದ ಪತ್ರ, ಬರೆಸಿಕೊಂಡು, ಅಯ್ಯಪ್ಪನ ಅಕ್ಕನ ಮಗಳನ್ನು ಮಗನಿಗೆ ತಂದುಕೊಳ್ಳುವುದೆಂದು ತಾಯಿ ಶೇಖರಮ್ಮ ಅವನನ್ನು ಕರೆಸಿದ್ದಳು. ಕೈಹಿಡಿದು ಏಳು ವರ್ಷವಾದ ಹೆಂಡತಿ ಒಳಗೆ ಆ ಅತಿಥಿಗೇ ಚಹಾ ಕಾಯಿಸುತ್ತಿದ್ದಳು. ನಿಜ ಹೇಳಿದರೆ ಅವಳು ಉಳಿಯುತ್ತಾಳೆ. ತನ್ನ ಮರ್ಯಾದೆ ಉಳಿಯುವುದಿಲ್ಲ. ಯಂಕೇಶ ಕಟ್ಟೆಯ ತುದಿಗೆ ಹೋಗಿ ಕುಳಿತ.

ಪಕ್ಕದ ಮನೆಯ ಗವಿಸಿದ್ದಪ್ಪ ಹತ್ತು ವರ್ಷದ ಸಕ್ಕರೆ ಕಾಯಿಲೆಯಲ್ಲಿ ಪಳಗಿ, ಓಣಿಗೆಲ್ಲ ವರದಿ ಓದಿ ಹೇಳುವಷ್ಟಾಗಿದ್ದರು. ಕಟ್ಟೆಯ ಮೇಲೇ ಇದ್ದ ಅವರು ತೆಳ್ಳನೆಯ ಅಂಗಿಯೊಳಗೆ ವರದಿ ಕಂಡು ನೇರ ಜೇಬಿಗೇ ಕೈ ಹಾಕಿದರು.

“ಲ್ಯಾಬಿಂದಲ್ಲೇನೋ ಇದು? ತಾ ಇಲ್ಲೆ.” ಕನ್ನಡಕ ಏರಿಸಿ ನೋಡಿದರು. “ಯವ್ವಾ ಶೇಖರಮ್ಮ, ಪೇಢೆ ಹಂಚು! ನಿಲ್ ಬಂದೈತಿ. ಹೋದ ತಿಂಗಳ ನನ್ನ ಮೂತ್ರದಾಗ ಸಕ್ರಿ ನಿಲ್ ಬಂದಿದ್ದಕ್ಕ ಡಾಕ್ಟರು ಬೆನ್ನು ಚಪ್ಪರಿಸಿದ್ರು.”

“ನಾ ಹೇಳಿದ್ನಿಲ್ಲೋ, ನನ್ನ ಮಗನಾಗ ಏನೂ ಐಬಿಲ್ಲ ಅಂತ!” ಎಂದಳು ಶೇಖರಮ್ಮ.

ಯಂಕೇಶ ಒಮ್ಮೆ ಒಳಗಿನ ಶಾಂಭವಿಯತ್ತ ನೋಡಿ ಬಾಯಿಬಿಟ್ಟ. “ಕಾಕಾ, ಸಕ್ರಿ ಇಲ್ಲಂದ್ರ ಛಲೋರಿ. ಇದರಾಗ ಇರಬೇಕಾದ್ದ ಇಲ್ಲ. ದೋಷ ನನ್ನಾಗ ಐತಿ, ಶಾಂಭವಿದಲ್ಲ.”

ಗವಿಸಿದ್ದಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಕೇಳಿದ್ರೇನ್ರಿ? ಹೇಣ್ತಿ ಮಾನ ಉಳಸಾಕ ತನ್ನ ಮಾನಾನ ಹರಾಜಿಗಿಟ್ಟಾನ!”

ಅಯ್ಯಪ್ಪ ಎದ್ದು ಯಂಕೇಶನ ಎರಡೂ ಕೈ ಹಿಡಿದುಕೊಂಡ. “ಹೇಣ್ತಿ ಸಲುವಾಗಿ ಇಷ್ಟು ದೊಡ್ಡ ಸುಳ್ಳು ಹೇಳೋ ಗಂಡು ಎಲ್ಲಿ ಸಿಗತಾನ್ರಿ? ಇವತ್ತಿಂದ ನಮ್ಮ ಹುಡುಗಿ ನಿಮ್ಮಾಕಿ ಅಂತ ತಿಳಕೋರಿ.”

“ಸುಳ್ಳಲ್ರೀ!” ಎಂದು ಯಂಕೇಶ ಚೀರಿದ. ಚೀರಿದಷ್ಟೂ ಅವನ ತ್ಯಾಗ ದೊಡ್ಡದಾಯಿತು.

ಕೊನೆಗೆ ಬಾಗಿಲ ಕಡೆ ತಿರುಗಿದ. ಶಾಂಭವಿಯಾದರೂ ನಂಬಬೇಕು. ಚಹಾದ ಕಪ್ಪುಗಳನ್ನು ಹಿಡಿದು ನಿಂತಿದ್ದ ಅವಳ ಕಣ್ಣುಗಳು ತುಂಬಿದ್ದವು.

“ಸಾಕ್ರಿ, ನನ್ನ ಸಲುವಾಗಿ ಇನ್ನ ಸುಳ್ಳು ಹೇಳಬ್ಯಾಡ್ರಿ” ಎಂದಳು. “ಇಂಥಾ ದೇವರಂಥಾ ಗಂಡಗ ಮಕ್ಕಳಾಗಬೇಕು. ಸೋಡಚೀಟಿಗೆ ಎಲ್ಲಿ ಸಹಿ ಮಾಡಬೇಕು, ತೋರಸ್ರಿ.”