ಜಾವಾ ಬಳಸದ ಜಾವಾ ಬಳಕೆದಾರರು

ಕಂಪ್ಯೂಟರ್ ಕಲಿಸುವವನ ಬದುಕಿನಲ್ಲಿ ನಗೆಪಾಟಲಿಗೆ ಯಾವತ್ತೂ ಬರಗಾಲವಿಲ್ಲ. ಕರೆಂಟು ಹೋದರೆ ಒಂದು ನಗೆಪಾಟಲು, ಇದ್ದರೆ ಎರಡು. ಮದುವೆ ಮನೆಯಲ್ಲಿ ಹಳೆಯ ಪರಿಚಯದವರು ಸಿಕ್ಕಿದರೆ ‘ಆ ಜಾವಾ ಕಥೆ ಹೇಳಿ ಮಾರಾಯ್ರೆ’ ಎಂದು ಕೈಹಿಡಿದು ಕೂರಿಸುತ್ತಾರೆ. ಹೇಳುತ್ತೇನೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ಜೊತೆಗೆ ನಗುತ್ತೇನೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿದ್ದಿರಬೇಕು. ನಾನು ಬ್ರಹ್ಮಾವರದ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕ. ಅರೆಕಾಲಿಕ ಎನ್ನುವುದು ಸಂಬಳಕ್ಕೆ ಮಾತ್ರ, ಕೆಲಸ ಪೂರ್ಣಕಾಲಿಕವೇ ಇತ್ತು. ಆರು ವರ್ಷಗಳಿಂದ ಹಳೆಯ ಕಂಪ್ಯೂಟರ್ ಭಾಷೆಯೊಂದನ್ನೇ ಕಲಿಸಿಕೊಂಡು ಹಾಯಾಗಿದ್ದವನಿಗೆ ಒಂದು ಬೇಸಿಗೆಯಲ್ಲಿ ಸಿಲೆಬಸ್ ಬದಲಾದ ಸುದ್ದಿ ಬಂತು. ಜೂನ್‌ನಿಂದ ಜಾವಾ ಎನ್ನುವ ಹೊಸ ಭಾಷೆ ಕಲಿಸಬೇಕು. ನನಗೆ ಜಾವಾ ಬರುತ್ತಿರಲಿಲ್ಲ. ಕಾಲೇಜಿನ ಒಡೆಯರೂ ಆದ ಸಂಚಾಲಕರು ನನ್ನನ್ನು ಕರೆಸಿ, ಕಲಿತು ಕಲಿಸುವುದಾದರೆ ಜೂನ್‌ನಲ್ಲಿ ಕೆಲಸ ಕಾಯಂ ಮಾಡುತ್ತೇನೆ, ಆಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಎಳನೀರು ಕೊಟ್ಟು ಹೇಳಿದ್ದು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ನಲವತ್ತರ ಹತ್ತಿರದ ವಯಸ್ಸು. ಇನ್ನೊಂದು ಕೆಲಸ ಹುಡುಕುವ ಧೈರ್ಯ ನನಗೆ ಇರಲಿಲ್ಲ. ಹಾಗಾಗಿ ಏಪ್ರಿಲ್ ಕೊನೆಗೆ ನಮ್ಮ ಕಾಲೇಜಿನಲ್ಲೇ ಮೂರು ದಿನದ ಕಾರ್ಯಾಗಾರ ಏರ್ಪಡಿಸಿದೆ.

೧. ಬ್ಯಾನರಿನ ಕೆಳಗೆ

ಕಾರ್ಯಾಗಾರಕ್ಕೆ ಹೆಸರಿಡುವುದು ಹೇಗೆ ಎಂದು ಗೊತ್ತಾಗದೆ, ಯಾವುದೋ ದೊಡ್ಡ ಊರಿನ ಆಮಂತ್ರಣ ಪತ್ರಿಕೆ ನೋಡಿ ಹಾಗೇ ಇಳಿಸಿದ್ದೆ. ‘ಜಾವಾ ಬಳಕೆದಾರರ ಕಾರ್ಯಾಗಾರ’ ಎಂದು ಬ್ಯಾನರೂ ಬಂತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಾಲೇಜುಗಳಿಂದ ನನ್ನನ್ನೂ ಸೇರಿಸಿ ಒಟ್ಟು ಏಳು ಜನ ಆದೆವು. ಎಲ್ಲರೂ ನನ್ನಂತೆಯೇ ಅರೆಕಾಲಿಕದವರು, ಎಲ್ಲರ ಮುಖವೂ ನನ್ನ ಮುಖದಂತೆಯೇ ಇತ್ತು.

ಬೆಂಗಳೂರಿನಿಂದ ಬಂದ ತಜ್ಞರು ಸಜ್ಜನರು. ಇಡೀ ರಾತ್ರಿ ಬಸ್ಸಿನಲ್ಲಿ ಕುಲುಕಿಕೊಂಡು ಬಂದರೂ ನಗುನಗುತ್ತಾ ಎದ್ದು ನಿಂತು, ಎಲ್ಲರೂ ಜಾವಾ ಬಳಸುವವರೇ ಆದ್ದರಿಂದ ಮೊದಲ ಪಾಠಗಳನ್ನು ಬಿಟ್ಟು ನೇರ ಮುಂದಕ್ಕೆ ಹೋಗೋಣವೇ ಎಂದು ಕೇಳಿದರು. ಎಲ್ಲರೂ ನೋಟ್‌ಪುಸ್ತಕ ಬಿಡಿಸಿ ತಾರೀಕು ಬರೆಯತೊಡಗಿದರು. ಸರಿ, ಎಷ್ಟು ವರ್ಷದಿಂದ ಬಳಸುತ್ತಿದ್ದೀರಿ ಎಂದು ಕೇಳಿದರು. ಒಬ್ಬರು ಎದ್ದು ಹೋಗಿ ಫ್ಯಾನಿನ ವೇಗ ಹೆಚ್ಚಿಸಿದರು. ಒಬ್ಬರಾದರೂ ಬಳಸಿದವರು ಕೈ ಎತ್ತಿ ಎಂದರು. ಒಂದು ಕೈಯೂ ಏಳಲಿಲ್ಲ. ನಾನು ಬ್ಯಾನರ್ ನೋಡುವುದನ್ನು ತಪ್ಪಿಸಲು ಕಿಟಕಿಯ ಹೊರಗೆ ನೋಡುತ್ತಾ ನಿಂತೆ.

ಕೊನೆಗೆ ಕುಂದಾಪುರದಿಂದ ಬಂದ ಮೇಡಂ ಎದ್ದರು. ಮೊದಲು ಟೈಪಿಂಗ್ ಕಲಿಸುತ್ತಿದ್ದು, ಟೈಪ್‌ರೈಟರುಗಳನ್ನು ಮಾರಿದ ಮೇಲೆ ಕಂಪ್ಯೂಟರಿಗೆ ಬಂದವರು.

“ಸರ್, ನಾವ್ ಯಾರೂ ಬಳ್ಸಿದವ್ರಲ್ಲ. ಬಳ್ಸಿದವ್ರ್ ಬತ್ರ್ ಅಂದೇಳಿ ಅವ್ರನ್ ಕಾಂಬುಕೆ ಬಂದದ್ದ್.”

೨. ಮೂವತ್ತೊಂದು

ಬೈಂದೂರಿನಿಂದ ಬಂದವರು ಲೆಕ್ಕದ ಮೇಷ್ಟ್ರು. ಲೆಕ್ಕ ಕಲಿಸುವವರಿಗೆ ಕಂಪ್ಯೂಟರ್ ತನ್ನಿಂದ ತಾನೇ ಬರುತ್ತದೆ ಎಂದು ಅವರ ಕಾಲೇಜಿನವರು ಭಾವಿಸಿದ್ದರಿಂದ ಪಾಪ, ಇದಕ್ಕೆ ಸಿಕ್ಕಿಬಿದ್ದಿದ್ದರು. ಸಂಜೆ ನಾಲ್ಕೂವರೆಯ ಬಸ್ ತಪ್ಪಿದರೆ ಅವರಿಗೆ ಮನೆ ಸೇರುವುದು ಕಷ್ಟ. ನಮ್ಮಲ್ಲಿದ್ದದ್ದು ನಾಲ್ಕು ಹಳೆಯ ಕಂಪ್ಯೂಟರು. ಬರೆದ ಪ್ರೋಗ್ರಾಮನ್ನು ಓದಿ, ಎಲ್ಲೆಲ್ಲಿ ತಪ್ಪಿದೆ ಎಂದು ಹೇಳಲು ಅವು ತೆಗೆದುಕೊಳ್ಳುವ ಹೊತ್ತಿನಲ್ಲಿ ಊಟ ಮುಗಿಸಿ ಬರಬಹುದಿತ್ತು. ಮೊದಲ ದಿನ ಮೇಷ್ಟ್ರ ಸರದಿ ಬಂದಾಗ ನಾಲ್ಕೂ ಇಪ್ಪತ್ತು. ಅವರು ಗುಂಡಿ ಒತ್ತಿ, ಏನು ಬಂತೆಂದು ದಾರಿಯಲ್ಲಿ ಫೋನ್ ಮಾಡಿ ಕೇಳುತ್ತೇನೆ ಎಂದು ಬಸ್ಸಿಗೆ ಓಡಿದರು.

ಹೆಮ್ಮಾಡಿಯಲ್ಲಿ ಬಸ್ ನಿಂತಾಗ ಪಕ್ಕದ ಎಸ್‌ಟಿಡಿ ಬೂತಿನಿಂದ ಫೋನ್ ಬಂತು. ತೆರೆಯ ಮೇಲಿದ್ದದ್ದನ್ನು ನಾನು ಹೇಳಿದೆ. ಮೂವತ್ತೊಂದು ತಪ್ಪು. ಒಂದು ಬ್ರಾಕೆಟ್ ಬಿಟ್ಟಿದ್ದರಿಂದ ಅದರ ಹಿಂದೆ ಬಂದವೆಲ್ಲ ಉರುಳಿದ್ದವು. ಮುಂದಿನದನ್ನು ಮರುದಿನ ಅವರೇ ಹೇಳಿದರು.

ಅವರು ಬೂತಿನಲ್ಲಿ ನಿಂತು ಗಟ್ಟಿಯಾಗಿ ‘ಮೂವತ್ತೊಂದಾ? ಎಲ್ಲಾ ಒಂದೇ ಕಡೆಯಾ?’ ಎಂದು ಕೇಳಿದ್ದು ಕಿಟಕಿ ಪಕ್ಕದಲ್ಲಿ ಕುಳಿತವರಿಗೆಲ್ಲ ಕೇಳಿಸಿದೆ. ಮೇಷ್ಟ್ರು ಕಣ್ಣು ಒರೆಸಿಕೊಳ್ಳುತ್ತಾ ಬಸ್ ಹತ್ತಿದ್ದಾರೆ. ಕಂಡಕ್ಟರ್ ಟೇಪ್ ರೆಕಾರ್ಡರಿನ ಹಾಡು ನಿಲ್ಲಿಸಿದ್ದಾನೆ. ಅಪಘಾತ ಎಲ್ಲಿ, ಯಾವ ಬಸ್ಸು ಎಂದು ಹಿಂದಿನ ಸೀಟಿನವರು ತಮ್ಮತಮ್ಮಲ್ಲೇ ಕೇಳಿಕೊಂಡಿದ್ದಾರೆ. ಮೇಷ್ಟ್ರಿಗೆ ಇದೊಂದೂ ಆಗ ತಲೆಗೆ ಹೋಗಿಲ್ಲ. ಕೆಲಸ ಹೋಯಿತು ಎನ್ನುವ ಒಂದೇ ಚಿಂತೆ. ಪಕ್ಕದಲ್ಲಿ ಕುಳಿತಿದ್ದ ಮೀನಿನ ಬುಟ್ಟಿಯ ಮುದುಕಿ ಮೆಲ್ಲಗೆ ಅವರ ಕೈಮುಟ್ಟಿ, ಅದರಲ್ಲಿ ನಿಮ್ಮವರು ಯಾರಾದರೂ ಇದ್ದರಾ ಎಂದು ವಿಚಾರಿಸಿದಳಂತೆ.

ಮೇಷ್ಟ್ರು ಹೇಳಿದರಂತೆ, “ಎಲ್ಲಾ ನಂದೇ ಅಮ್ಮಾ.”

೩. ಇಲ್ಲದ ಪುಟ

ಕಲಿಯಲು ಒಂದೇ ಒಂದು ಪುಸ್ತಕ ಇತ್ತು, ದಪ್ಪದ್ದು. ತಜ್ಞರು ಬರುವ ಎರಡು ವಾರ ಮೊದಲೇ ಅದನ್ನು ತರಿಸಿ, ಕುಂದಾಪುರದ ಒಂದು ಅಂಗಡಿಯಲ್ಲಿ ಏಳು ಪ್ರತಿ ಜೆರಾಕ್ಸ್ ಮಾಡಿಸಿ, ಬೈಂಡ್ ಹಾಕಿಸಿ ಎಲ್ಲರಿಗೂ ಬಸ್ಸಿನಲ್ಲಿ ಕಳಿಸಿದ್ದೆ. ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ಜೀವಮಾನದಲ್ಲಿ ಮಾಡಿರಲಿಲ್ಲ.

ಎರಡನೆಯ ದಿನ ತಜ್ಞರು ಒಂದು ಸಣ್ಣ ಪರೀಕ್ಷೆ ಕೊಟ್ಟರು. ಏಳು ಉತ್ತರ ಓದಿ ಕನ್ನಡಕ ತೆಗೆದಿಟ್ಟರು. ಏಳರಲ್ಲೂ ಅದೇ ತಪ್ಪುಗಳು, ಅದೇ ಜಾಗದಲ್ಲಿ. ಒಬ್ಬರು ಇನ್ನೊಬ್ಬರದನ್ನು ನೋಡಿ ಬರೆದಿದ್ದೀರಿ, ಉಪನ್ಯಾಸಕರಾಗಿ ಇದು ನಿಮಗೆ ಶೋಭೆಯಲ್ಲ ಎಂದು ಬಹಳ ನೊಂದುಕೊಂಡರು. ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ಯಾರೂ ನೋಡಿ ಬರೆದಿರಲಿಲ್ಲ.

ಮೇಡಂ ತಮ್ಮ ಪ್ರತಿ ತೆಗೆದು ಬಿಡಿಸಿದರು. ನೂರ ಹದಿನೇಳನೆಯ ಪುಟ ಆದ ಮೇಲೆ ನೂರ ಹತ್ತೊಂಬತ್ತು. ಮೇಷ್ಟ್ರದ್ದೂ ಹಾಗೆಯೇ. ನನ್ನದೂ. ಅಂಗಡಿಯವರು ಪುಸ್ತಕದ ಪ್ರತಿ ಹಾಳೆಯ ಒಂದೇ ಮಗ್ಗುಲನ್ನು ಜೆರಾಕ್ಸ್ ಮಾಡಿದ್ದರು. ಎರಡು ವಾರ ಏಳು ಜನ ಅರ್ಧ ಪುಸ್ತಕವನ್ನು ಶ್ರದ್ಧೆಯಿಂದ ಓದಿದ್ದೆವು. ನಡುವೆ ಏನೋ ತಪ್ಪಿಹೋಗಿದೆ ಎಂದು ಒಬ್ಬರಿಗೂ ಅನುಮಾನ ಬಂದಿರಲಿಲ್ಲ. ಜಾವಾ ಅಂದರೇ ಹೀಗೆ, ಸ್ವಲ್ಪ ಅರ್ಥವಾಗುವುದಿಲ್ಲ ಎಂದೇ ಎಲ್ಲರೂ ನಂಬಿದ್ದೆವು.

೪. ಅಪ್ಪನೋ ಮಾವನೋ

ಅದೇ ದಿನ ಮಧ್ಯಾಹ್ನದ ಮೇಲೆ ತಜ್ಞರು ಮುಖ್ಯ ಪಾಠಕ್ಕೆ ಬಂದರು. ಒಂದು ವಸ್ತುವಿನ ಗುಣಗಳನ್ನು ಒಮ್ಮೆ ಬರೆದಿಟ್ಟರೆ, ಅದರ ಕೆಳಗಿನದಕ್ಕೆ ಅವು ತಾವಾಗಿಯೇ ಸಿಗುತ್ತವೆ, ಮತ್ತೆ ಬರೆಯಬೇಕಾಗಿಲ್ಲ. ಸುಲಭವಾಗಲಿ ಎಂದು ಬೋರ್ಡಿನ ಮೇಲೆ ‘ಅಪ್ಪ’ ಎಂದು ಬರೆದು, ಕೆಳಗೆ ‘ಮಗ’ ಎಂದು ಬರೆದರು. ಅಪ್ಪನ ಆಸ್ತಿ ಮಗನಿಗೆ ಬರುತ್ತದಲ್ಲ, ಹಾಗೆ ಎಂದರು.

ಮೇಷ್ಟ್ರು ಪೆನ್ನು ಕೆಳಗಿಟ್ಟರು. ಅವರದ್ದೂ ಮೇಡಂ ಅವರದ್ದೂ ಅಳಿಯಸಂತಾನದ ಮನೆಗಳು. ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವುದು, ಸೋದರಮಾವನ ಯಜಮಾನಿಕೆ ಅಳಿಯನಿಗೆ, ಎಂದರೆ ಅಕ್ಕತಂಗಿಯರ ಮಗನಿಗೆ. ಕಾನೂನು ಬದಲಾಗಿ ಎಷ್ಟೋ ಕಾಲವಾದರೂ ಮನಸ್ಸಿನಿಂದ ಹೋಗಿಲ್ಲ. ಅಪ್ಪನದ್ದು ಮಗನಿಗೆ ತಾನಾಗಿಯೇ ಹೇಗೆ ಬರುತ್ತದೆ ಎಂದು ಮೇಷ್ಟ್ರು ಕೇಳಿದರು. ಬರುವುದೇ ಇಲ್ಲ ಎಂದು ಮೇಡಂ ಹೇಳಿದರು. ಇದು ಬರೀ ಉದಾಹರಣೆ ಎಂದು ತಜ್ಞರು ಕೈಮುಗಿದರು. ತಪ್ಪು ಉದಾಹರಣೆಯನ್ನು ಮಕ್ಕಳಿಗೆ ಹೇಗೆ ಕಲಿಸುವುದು ಎಂದು ಇವರು ಬಿಡಲಿಲ್ಲ. ತಜ್ಞರು ಅಪ್ಪನನ್ನು ಒರೆಸಿ ‘ಮಾವ’ ಎಂದೂ, ಮಗನನ್ನು ಒರೆಸಿ ‘ಅಳಿಯ’ ಎಂದೂ ಬರೆದರು.

ಈಗ ಸುಮ್ಮನಿರಬೇಕಾದವನು ನಾನು. ನಮ್ಮದು ಸಾಲಿಗ್ರಾಮದ ಕಡೆಯ ಮನೆತನ, ನಮ್ಮಲ್ಲಿ ಅಪ್ಪನದ್ದು ಮಗನಿಗೇ. ಇಬ್ಬರಿಂದಲೂ ಬರುವಂತೆ ಬರೆಯಲು ಆಗುವುದಿಲ್ಲವೇ ಎಂದು ಕೇಳಿದೆ. ಹಿಂದಿನ ಒಂದು ಭಾಷೆಯಲ್ಲಿ ಆಗುತ್ತಿತ್ತು, ಎರಡು ಕಡೆಯಿಂದಲೂ ಬಂದರೆ ಯಾರದ್ದನ್ನು ಹಿಡಿಯುವುದು ಎಂದು ಗೊಂದಲವಾಗುತ್ತದೆ, ಅದಕ್ಕೇ ಜಾವಾದಲ್ಲಿ ತೆಗೆದುಹಾಕಿದರು ಎಂದು ತಜ್ಞರು ವಿವರಿಸಿದರು.

ಮೇಷ್ಟ್ರ ಮುಖ ಮೊದಲ ಬಾರಿಗೆ ಅರಳಿತು. “ಹಾಂಗಾರೆ ಈ ಭಾಷಿ ಮಾಡಿದವ್ರ್ ಕುಂದಾಪ್ರ ಕೋರ್ಟಿಗೆ ಒಂದ್ ಸಲ ಆದ್ರೂ ಬಂದವ್ರೇ ಸೈ.”

೫. ಸಂಚಾಲಕರ ಎದುರು

ಮೂರನೆಯ ದಿನ ಸಮಾರೋಪಕ್ಕೆ ಸಂಚಾಲಕರು ಬರುವವರಿದ್ದರು. ನಾನು ಅವರೆದುರು ಒಂದು ಪ್ರೋಗ್ರಾಂ ಮಾಡಿ ತೋರಿಸಬೇಕು. ನಡೆದರೆ ಕೆಲಸ ಉಂಟು, ನಡೆಯದಿದ್ದರೆ ಇಲ್ಲ. ನಾನು ಬಹಳ ಯೋಚನೆ ಮಾಡಿ ಒಂದು ಬುದ್ಧಿವಂತಿಕೆ ಮಾಡಿದೆ. ಸಂಚಾಲಕರದ್ದೂ ದೊಡ್ಡ ಅಳಿಯಸಂತಾನದ ಮನೆ. ಅವರಿಗೆ ಹಿಡಿಸಲಿ ಎಂದು ಮಾವ ಅಳಿಯನ ಪ್ರೋಗ್ರಾಮನ್ನೇ ಆರಿಸಿಕೊಂಡೆ.

ಸಂಚಾಲಕರು ಬಂದು ಕುಳಿತರು. ಗುಂಡಿ ಒತ್ತಿದೆ. ಒಂದೂ ತಪ್ಪಿಲ್ಲದೆ ನಡೆಯಿತು. ಮಾವನ ಮನೆ ಅಳಿಯನಿಗೆ, ಮಾವನ ಗದ್ದೆ ಅಳಿಯನಿಗೆ, ಮಾವನ ತೋಟ ಅಳಿಯನಿಗೆ ಎಂದು ತೆರೆಯ ಮೇಲೆ ಸಾಲಾಗಿ ಬಂತು. ಕಂಪ್ಯೂಟರಿಗೆ ಕನ್ನಡ ಅಕ್ಷರ ಗೊತ್ತಿಲ್ಲದ್ದರಿಂದ ಇಂಗ್ಲಿಷ್ ಅಕ್ಷರದಲ್ಲೇ ಬಂತು. ಸಂಚಾಲಕರು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಯಾರೂ ಹೇಳಿಕೊಡದೆ ತಾನಾಗಿಯೇ ಹೋಗುತ್ತದಾ ಎಂದು ಕೇಳಿದರು. ಹೌದು, ಅದೇ ಇದರ ವಿಶೇಷ ಎಂದೆ.

“ಕಾಲೇಜ್ ಸೇರ್ಸುಕ್ ಆತ್ತಾ?” ಎಂದರು.

ಆಗುತ್ತದೆ ಸರ್, ಒಂದೇ ಸಾಲು ಎಂದು ಉತ್ಸಾಹದಿಂದ ನಾನೇ ಸೇರಿಸಿದೆ. ಮಾವನ ಕಾಲೇಜು ಅಳಿಯನಿಗೆ ಎಂದು ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಚಾಲಕರು ನನಗೆ ಶಾಲು ಹೊದಿಸಿದರು. ಮನೆಗೆ ಬಂದು ಕೆಲಸ ಗಟ್ಟಿಯಾಯಿತು ಎಂದು ಹೆಂಡತಿಗೆ ಹೇಳಿದೆ. ಅವಳು ದೇವರಿಗೆ ದೀಪ ಹಚ್ಚಿದಳು.

ವಾರ ಕಳೆದ ಮೇಲೆ ಸಂಚಾಲಕರಿಂದ ಕರೆ ಬಂತು. ಈ ಸಲವೂ ಎಳನೀರು ಕೊಟ್ಟರು. ಅವರ ತಂಗಿಯ ಮಗ ಮಂಗಳೂರಿನಲ್ಲಿ ಓದು ಮುಗಿಸಿ, ಮೂರು ವರ್ಷದಿಂದ ಮನೆಯಲ್ಲೇ ಕುಳಿತಿದ್ದಾನಂತೆ. “ಮನಿಯೊಳಗೇ ಜನ ಇಟ್ಕಂಡ್ ಹೊರಗ್ ಹುಡ್ಕುದ್ ಎಂತಕೆ ಅಂದೇಳಿ ನಂಗೆ ಹೊಳ್ದೇ ಇರ್ಲಿಲ್ಲೆ ಕಾಣಿ. ಅವತ್ತ್ ನೀವ್ ತೋರ್ಸಿದ್ ಮೇಲೇ ಹೊಳ್ದದ್ದ್” ಎಂದು ಮನಸಾರೆ ಉಪಕಾರ ಸ್ಮರಿಸಿದರು. ಜೂನ್‌ನಿಂದ ಅವನೇ ಕಲಿಸುತ್ತಾನೆ. ಒಂದೇ ತೊಡಕು, ಅವನಿಗೆ ಜಾವಾ ಬರುವುದಿಲ್ಲ. ಅಷ್ಟರೊಳಗೆ ನೀವೊಂದು ಹೇಳಿಕೊಟ್ಟುಬಿಡಿ ಎಂದರು. ಆಗಲಿ ಸರ್ ಎಂದೆ. ಈಗಲೂ ನನಗೆ ಆ ಗಳಿಗೆಯ ಬಗ್ಗೆಯೇ ನಾಚಿಕೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಸಂಚಾಲಕರಿಗೆ ಮಗ ಇದ್ದಾನಲ್ಲ, ಮುಂಬೈಯಲ್ಲಿ ಹೋಟೆಲು ನಡೆಸುವವನು, ಯಾವತ್ತೂ ಈ ಕಡೆ ಬರುವವನಲ್ಲ ಎಂದಳು. “ಅಪ್ಪ ಮಗ ಅಂದೇಳಿ ಬರ್ದಿದ್ರ್ ಎಂತ ಆತಿತ್ತ್ ನಿಮ್ಗೆ?”

ಮೇ ತಿಂಗಳು ಪೂರ್ತಿ ಅಳಿಯನಿಗೆ ಕಲಿಸಿದೆ. ಸಿಟ್ಟು ಮಾಡಿಕೊಳ್ಳೋಣವೆಂದರೆ ಆ ಹುಡುಗ ಒಳ್ಳೆಯವನು, ದಿನಾ ನನಗೆಂದು ಮನೆಯಿಂದ ಮಾವಿನಹಣ್ಣು ತರುತ್ತಿದ್ದ. ಕೊನೆಯ ದಿನ ಒಂದು ಪ್ರಮಾಣಪತ್ರ ಟೈಪ್ ಮಾಡಿಸಿಕೊಂಡು ಬಂದ. ಇವರು ನನ್ನಲ್ಲಿ ಜಾವಾ ಕಲಿತಿದ್ದಾರೆ, ಈ ಹುದ್ದೆಗೆ ಯೋಗ್ಯರು ಎಂದು ಇತ್ತು. ಸಹಿ ಹಾಕಿದೆ. ಸಹಿಯ ಕೆಳಗೆ ನನ್ನ ಹೆಸರು, ಅದರ ಕೆಳಗೆ ‘ಹುದ್ದೆ’ ಎಂದು ಬರೆದು ಚುಕ್ಕೆ ಹಾಕಿದ್ದರು. ಪೆನ್ನು ಅಲ್ಲಿಯೇ ನಿಂತಿತು. ಏನು ಬರೆಯಲಿ ಎಂದು ಅವನನ್ನೇ ಕೇಳಿದೆ.

ಅವನು ಸಂಕೋಚದಿಂದ ಕಾಗದ ತನ್ನ ಕಡೆಗೆ ಎಳೆದುಕೊಂಡ.

“ಖಾಲಿ ಬಿಡಿ ಸರ್. ಮಾವನ್ ಹತ್ರ ಕೇಂಡ್ಕಂಡ್ ನಾನೇ ತುಂಬ್ಸ್ತೆ.”