ಭಾವನೆಗೊಂದು ಕಾಲಂ

ನನಗಿರುವ ಭಾವನೆಗಳು ಒಟ್ಟು ಮೂರು ಎಂದು ಐವತ್ತಾರನೆಯ ವಯಸ್ಸಿನವರೆಗೂ ನಂಬಿದ್ದೆ: ಖುಷಿ, ಬೇಜಾರು, ಟೆನ್ಷನ್. ಅದರಲ್ಲೂ ಬೇಜಾರು ಒಂದರಲ್ಲೇ ಮುಕ್ಕಾಲು ಸಂಸಾರ ನಡೆದುಹೋಗುತ್ತದೆ. ಬಸ್ಸು ತಪ್ಪಿದರೂ ಬೇಜಾರು, ಸೋದರಮಾವ ತೀರಿಕೊಂಡರೂ ಬೇಜಾರು, ಮದುವೆಗೆ ಕರೆಯದಿದ್ದರೂ ಬೇಜಾರು; ಕರೆಯದವರು ಎದುರು ಸಿಕ್ಕಾಗ ಹೇಳುವುದೂ ‘ಬೇಜಾರು ಮಾಡ್ಕೋಬೇಡಿ’ ಎಂದೇ. ಇಂಗ್ಲಿಷಿನ ‘ಫೀಲ್’ ಎಂಬ ಶಬ್ದವನ್ನು ನಾವು ಬಳಸುವುದುಂಟು. ಆದರೆ ‘ಅವನು ಫೀಲ್ ಮಾಡ್ಕೊಂಡ’ ಎಂದರೆ ನೊಂದುಕೊಂಡ ಎಂದಷ್ಟೇ ಅರ್ಥ. ಸಂತೋಷವಾದವನು ಫೀಲ್ ಮಾಡಿಕೊಂಡದ್ದನ್ನು ನಾನಂತೂ ನಮ್ಮ ಕಡೆ ಕಂಡಿಲ್ಲ.

ಈ ವ್ಯವಸ್ಥೆ ಕೆಟ್ಟದ್ದು ನಮ್ಮ ಕಚೇರಿಗೆ ಹೊಸ ಮೇಡಂ ಬಂದ ಮೇಲೆ. ನನ್ನ ಮನೆ ನಂಜನಗೂಡಿನಲ್ಲಿ, ಗುಮಾಸ್ತಿಕೆ ತಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ. ಕಪಿಲಾ ಹೊಳೆಯೂ ನಾನೂ ದಿನಾ ಇಲ್ಲಿಂದ ಅಲ್ಲಿಗೆ ಹೋಗುತ್ತೇವೆ. ಹೊಳೆ ಕಾವೇರಿಯನ್ನು ಸೇರಿ ಮುಂದಕ್ಕೆ ಹರಿಯುತ್ತದೆ, ನಾನು ಐದೂಮುಕ್ಕಾಲಿನ ಬಸ್ಸಿಗೆ ವಾಪಸ್ಸು. ಮೇಡಂ ಎಲ್ಲೋ ಐದು ದಿನದ ತರಬೇತಿ ಮುಗಿಸಿ ಬಂದವರು, ಒಂದು ಬಣ್ಣದ ಪಟವನ್ನು ಗೋಡೆಗೆ ಹೊಡೆಸಿದರು. ಅರವತ್ತು ದುಂಡು ಮುಖಗಳು, ಒಂದೊಂದರ ಕೆಳಗೂ ಒಂದೊಂದು ಇಂಗ್ಲಿಷ್ ಭಾವನೆ. “ನೀವೆಲ್ಲ ಭಾವನೆಗಳನ್ನ ಅದುಮಿಟ್ಕೊಂಡಿದೀರ. ಅದಕ್ಕೇ ಫೈಲುಗಳು ನಿಧಾನ” ಎಂದರು. ಹಾಜರಿ ಪುಸ್ತಕದಲ್ಲಿ ಸಹಿಯ ಪಕ್ಕಕ್ಕೆ ಹೊಸದೊಂದು ಕಾಲಂ ಬಂತು. ಬೆಳಿಗ್ಗೆ ಸಹಿ ಹಾಕಿ, ಆ ದಿನದ ಭಾವನೆಯನ್ನು ಒಂದು ಇಂಗ್ಲಿಷ್ ಶಬ್ದದಲ್ಲಿ ಬರೆಯಬೇಕು. ತಿಂಗಳ ಕೊನೆಗೆ ಅದರ ನಕಲು ಮೈಸೂರಿನ ಮೇಲಿನ ಕಚೇರಿಗೆ ಹೋಗಬೇಕು.

ಮೊದಲ ವಾರ ಪುಸ್ತಕದಲ್ಲಿ ಎಲ್ಲರಿಗಿಂತ ಮೇಲೆ ಹೆಸರಿದ್ದವರು ‘ಹ್ಯಾಪಿ’ ಎಂದು ಬರೆದರು, ಉಳಿದ ಹತ್ತು ಜನ ಅದರ ಕೆಳಗೆ ‘ಸದರಿ’ ಎಂದು ಗೀಟೆಳೆದೆವು. ಮೇಡಂ ಸಿಟ್ಟಾದರು. “ಹನ್ನೊಂದು ಜನಕ್ಕೂ ದಿನಾ ಹೇಗ್ರೀ ಹ್ಯಾಪಿ ಆಗುತ್ತೆ? ಮನಸ್ಸು ಬಿಚ್ಚಿ ಬರೀರಿ!” ಬಿಚ್ಚಿದೆವು. ಪಕ್ಕದ ಮೇಜಿನ ಶಿವಪಾದು ಬೆಳಿಗ್ಗೆ ಹತ್ತಕ್ಕೇ ‘ಎಕ್ಸಾಸ್ಟೆಡ್’ ಎಂದು ಬರೆದು, ಯಾವ ಕೆಲಸದಿಂದ ಸುಸ್ತಾದಿರಿ ಎಂಬ ಮೆಮೊ ಪಡೆದ. ಟೀ ತರುವ, ಕಡತ ಹೊರುವ ಮೂಗೂರಿನ ಸಿದ್ದಮ್ಮ ಮುಖ ನೋಡಿ ಆರಿಸುತ್ತಿದ್ದಳು. “ಈ ಅಸ್ರು ಮೊಕ ಚೆಂದಾಗದೆ ಸಾ, ಇದ್ನೇ ಬರ್ಕೊಡಿ” ಎಂದು ಅವಳು ಎರಡು ವಾರ ಸತತವಾಗಿ ‘ಜೆಲಸ್’ ಆಗಿದ್ದಳು.

ಅದೇ ದಿನಗಳಲ್ಲಿ ನನ್ನ ಹೆಂಡತಿ ಮಂಜುಳಾಗೆ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಮೈಸೂರಿನ ಡಾಕ್ಟರು ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಹತ್ತು ದಿನ ಬಿಟ್ಟು ಬನ್ನಿ ಎಂದರು. ಕಚೇರಿಯಲ್ಲಿ ಯಾರಿಗೂ ಹೇಳಲಿಲ್ಲ. ಕಾಲಮ್ಮಿನಲ್ಲಿ ಹತ್ತು ದಿನವೂ ‘ಕಾಮ್’, ಅಂದರೆ ಶಾಂತ, ಎಂದು ಬರೆದೆ. ಮನೆಯಲ್ಲೂ ಆ ಮಾತೆತ್ತಲಿಲ್ಲ. ಬೇಡವಾಗಿದ್ದರೂ ಮಿಕ್ಸಿ ಬಿಚ್ಚಿ ಜೋಡಿಸಿದೆ, ಕಿಟಕಿಗಳಿಗೆಲ್ಲ ಎಣ್ಣೆ ಬಿಟ್ಟೆ. ಹನ್ನೊಂದನೆಯ ದಿನ ಡಾಕ್ಟರು ವರದಿ ನೋಡಿ, “ಏನೂ ಇಲ್ಲ, ಬರೀ ಕೊಬ್ಬಿನ ಗಂಟು” ಎಂದರು. ಮಂಜುಳಾ ನನ್ನ ಮುಖ ನೋಡಿದಳು. ನಾನು, “ಹಾಗಾದ್ರೆ ಹೊರಡೋಣ, ಈಗ್ಲೇ ಒಂದು ಬಸ್ಸಿದೆ” ಎಂದೆ.

ಮರುದಿನ ಬೆಳಿಗ್ಗೆ ಪಟದ ಮುಂದೆ ನಿಂತೆ. ಮೂರನೆಯ ಸಾಲಿನಲ್ಲೊಂದು ಮುಖ ಕಣ್ಣು ಮುಚ್ಚಿ, ನಿರಾಳವಾಗಿ ಉಸಿರು ಬಿಡುತ್ತಿತ್ತು. ಯಾರೋ ನನ್ನದೇ ಮುಖ ಬರೆದು ಅಂಟಿಸಿದ ಹಾಗಿತ್ತು. ಕೆಳಗಿನ ಶಬ್ದವನ್ನು ದುಂಡಗೆ ಬರೆದೆ: ‘ರಿಲೀವ್ಡ್’. ಸರ್ಕಾರಿ ನೌಕರನೊಬ್ಬ ರಿಲೀವ್ ಆದನೆಂದರೆ ಆ ಹುದ್ದೆಯಿಂದ ಬಿಡುಗಡೆಯಾಗಿ ಹೊರಟನೆಂದೇ ಅರ್ಥ. ಮೂವತ್ತು ವರ್ಷ ಅಂಥ ಆದೇಶಗಳನ್ನು ನಾನೇ ಟೈಪು ಮಾಡಿದ್ದೇನೆ. ಆ ಬೆಳಿಗ್ಗೆ ಮಾತ್ರ ಹೊಳೆಯಲಿಲ್ಲ.

ಮೈಸೂರಿನವರಿಗೆ ಹೊಳೆಯಿತು. ಮುಂದಿನ ತಿಂಗಳು ಹೆಮ್ಮರಗಾಲದ ನಾಗೇಂದ್ರ ಎಂಬವರು ಆದೇಶದ ಕಾಗದ, ಊಟದ ಡಬ್ಬಿ ಹಿಡಿದು ನನ್ನ ಮೇಜಿನ ಮುಂದೆ ನಿಂತರು.

“ರಿಲೀವ್ ಆಗೋದ್ರಲ್ಲ ಮಾದಪ್ಪೋರು, ಅವರ ಸೀಟು ಇದೇಯಾ ಸಾ?”

“ಮಾದಪ್ಪ ನಾನೇ ಕಣಪ್ಪ.”

ಅವರು ಡಬ್ಬಿಯನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಹೋದರು. ಮೇಡಂ ಮೈಸೂರಿಗೆ ಫೋನು ಮಾಡಿದರು. ದಾಖಲೆಯ ಪ್ರಕಾರ ಮಾದಪ್ಪ ಹೋಗಿಯಾಗಿದೆ, ಹೋಗಿಲ್ಲವಾದರೆ ಯಾವ ಸಂದರ್ಭದಲ್ಲಿ ಸದರಿ ಭಾವನೆ ಉಂಟಾಯಿತೆಂದು ಮೂರು ಪ್ರತಿಗಳಲ್ಲಿ ವಿವರಣೆ ಬರಲಿ ಎಂದರು ಅಲ್ಲಿಯವರು.

“ವೈಯಕ್ತಿಕ ಕಾರಣ ಅಂತ ಬರೀಲಾ ಮೇಡಂ?” ಎಂದೆ.

“ಸಾಲಲ್ಲ ಮಾದಪ್ಪ. ನಿಮ್ಮ ನೌಕರಿ ಪ್ರಶ್ನೆ.”

ಎಲ್ಲರೆದುರು ನಿಂತು ಹೇಳಿದೆ. ಗಂಟು ಎಂಬಲ್ಲಿಗೆ ಬಂದಾಗ ಮೇಜಿನ ಮೇಲಿದ್ದ ಕಡತದ ದಾರ ಬಿಚ್ಚಿ ಮತ್ತೆ ಕಟ್ಟತೊಡಗಿದೆ. ಮೇಡಂ ಅಭ್ಯಾಸಬಲದಿಂದ ಪಟದ ಕಡೆ ತಿರುಗಿದರು. ಅರವತ್ತರಲ್ಲಿ ಯಾವುದೂ ಒದಗಲಿಲ್ಲವೆಂದು ಕಾಣುತ್ತದೆ, ಕುರ್ಚಿ ಎಳೆದು “ಕೂತ್ಕೊಳ್ಳಿ” ಎಂದರು. ಸಿದ್ದಮ್ಮ ಮಾತ್ರ ನೇರವಾಗಿ ಬೈದಳು. “ದಿನಾ ನನ್ ಕೈಲಿ ಟೀ ಈಸ್ಕೊಂಡು ಕುಡುದ್ರಲ್ಲಾ ಸಾ, ಒಂದ್ ಮಾತು ಯೋಳ್ಬಾರ್ದಾಗಿತ್ತಾ? ನಾವೇನ್ ಮನ್ಸರಲ್ವಾ?” ಯಾರ ಭಾವನೆಯನ್ನೂ ಹೊರಗೆಳೆಯದ ಪಟ ಗೋಡೆಯ ಮೇಲೆ ನಗುತ್ತಲೇ ಇತ್ತು.

ವಿವರಣೆ ಒಪ್ಪಿಗೆಯಾಯಿತು. ನಾಗೇಂದ್ರರಿಗೆ ಎರಡು ಮೇಜಿನಾಚೆ ಖಾಲಿಯಿದ್ದ ಸೀಟು ಸಿಕ್ಕಿತು. ಜೊತೆಗೊಂದು ಸುತ್ತೋಲೆಯೂ ಬಂತು: ‘ರಿಲೀವ್ಡ್’, ‘ಮೂವ್ಡ್’, ‘ಚಾರ್ಜ್ಡ್’ ಮುಂತಾಗಿ ಸೇವಾ ನಿಯಮಗಳಲ್ಲಿ ಬರುವ ಶಬ್ದಗಳನ್ನು ಪೂರ್ವಾನುಮತಿಯಿಲ್ಲದೆ ಸಿಬ್ಬಂದಿ ಅನುಭವಿಸತಕ್ಕದ್ದಲ್ಲ. ಈಗ ನಾವೆಲ್ಲ ಮತ್ತೆ ಹ್ಯಾಪಿ, ಸದರಿ.

ಆದರೆ ವಿವರಣೆಯ ಮೂರನೆಯ ಪ್ರತಿ, ಅಂದರೆ ಕಚೇರಿಯ ಕಡತಕ್ಕೆ ಸೇರಬೇಕಾದದ್ದು, ಅವಸರದಲ್ಲಿ ನನ್ನ ಚೀಲದಲ್ಲೇ ಉಳಿದಿತ್ತು. ಡಬ್ಬಿ ತೆಗೆಯಲು ಕೈಹಾಕಿದ ಮಂಜುಳಾಗೆ ಸಿಕ್ಕಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದಳು: ‘ಪತ್ನಿಯ ಆರೋಗ್ಯದ ಬಗ್ಗೆ ಹತ್ತು ದಿನ ತೀವ್ರ ಭಯದಲ್ಲಿದ್ದು, ಊಟ ಸೇರದೆ, ವರದಿ ಬಂದ ನಂತರ ಮರುಜನ್ಮ ಬಂದಂತಾಗಿ ಸದರಿ ಪದವನ್ನು ಬರೆದಿರುತ್ತೇನೆಂದು ತಮ್ಮಲ್ಲಿ ಅರಿಕೆ.’

“ಊಟ ಸೇರ್ತಿರ್ಲಿಲ್ವಾ? ಸಾರಿಗೆ ಉಪ್ಪು ಜಾಸ್ತಿ ಅಂತ ದಿನಾ ನನ್ನ ಮೇಲೆ ಹಾರಾಡ್ತಿದ್ರಲ್ರೀ!”

ನಾನು ಕಾಗದಕ್ಕೆ ಕೈ ಚಾಚಿದೆ. ಅವಳು ಕೊಡಲಿಲ್ಲ.

“ಮೇಡಂಗೊಂದು, ಮೈಸೂರಿಗೊಂದು, ಫೈಲಿಗೊಂದು. ನನಗೊಂದು ಪ್ರತಿ ಕೊಡ್ಬೇಕು ಅನ್ನಿಸ್ಲಿಲ್ವಾ?”

ಏನಾದರೂ ಹೇಳಲೇಬೇಕಿತ್ತು. “ಅದು ಆಫೀಸ್ ಕಾಪಿ ಕಣೇ, ಒದ್ದೆ ಕೈಲಿ ಹಿಡೀಬೇಡ” ಎಂದೆ.

ಅವಳು ಕೈ ಒರೆಸಿಕೊಂಡು, ಕಾಗದವನ್ನು ನಾಲ್ಕಾಗಿ ಮಡಿಸಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿಟ್ಟು ಬೀಗ ಹಾಕಿದಳು. ವಾಪಸ್ಸು ಕೇಳುವ ಧೈರ್ಯ ನನಗಾಗಲಿಲ್ಲ. ಕಡತದ ಪ್ರತಿ ಕಳೆದುಹೋಗಿದೆ ಎಂದು ಕಚೇರಿಯಲ್ಲಿ ಹೇಳಿದ್ದಕ್ಕೆ ಈಗ ನನಗೂ ಒಂದು ಮೆಮೊ ಬಂದಿದೆ. ಮತ್ತೆ ಮೂರು ಪ್ರತಿ ಬರೆಯಬೇಕು. ಈ ಸಲ ಮೊದಲನೆಯದನ್ನು ಮಂಜುಳಾಗೇ ಬರೆದು ಕೊಡೋಣವೆಂದು ಭಾನುವಾರದಿಂದ ಪೆನ್ನು ಹಿಡಿದು ಕೂತಿದ್ದೇನೆ. ‘ಮಾನ್ಯರೇ’ ಎಂಬಲ್ಲಿಗೆ ನಿಂತಿದೆ.