ಹೆಂಡತಿಯ ಸಮಾಧಿಯ ಮೇಲೆ ಮಲಗುವ ಚಿರತೆಯಮ್ಮನವರಿಗೆ

ಮಾನ್ಯ ಚಿರತೆಯಮ್ಮನವರೇ,

ತಮಗೂ ತಮ್ಮ ಎರಡು ಮರಿಗಳಿಗೂ ಆಯುರಾರೋಗ್ಯ ಹಾರೈಸಿ, ಲುವಾಂಗ್ವಾ ನದಿಯ ಈಚೆ ದಡದ ನಿವೃತ್ತ ಮೇಷ್ಟ್ರು ಯೋತಾಮ್ ಸಕಾಲಾ ಮಾಡಿಕೊಳ್ಳುವ ಬಿನ್ನಹ. ಚಿಪಾಟಾದ ಕಾಲೇಜಿನಲ್ಲಿ ದೂರಿನ ಪತ್ರ ಬರೆಯುವ ಕ್ರಮವನ್ನು ಇಂಗ್ಲಿಷಿನಲ್ಲಿ ಕಲಿಸಿದ್ದರು. ‘ವಿತ್ ಡ್ಯೂ ರೆಸ್ಪೆಕ್ಟ್’ ಎಂಬಲ್ಲಿಯ ತನಕ ನೆನಪಿದೆ, ಮುಂದಿನದು ಮರೆತಿದೆ. ನನ್ನ ಹೆಂಡತಿ ಎನೆಲೆಸ್ ಇದ್ದಿದ್ದರೆ ಹೇಳಿಕೊಡುತ್ತಿದ್ದಳು. ಶಾಲೆಗೆ ಹೋದದ್ದು ನಾಲ್ಕೇ ವರ್ಷವಾದರೂ, ನಾನು ಗಟ್ಟಿಯಾಗಿ ಓದಿದ್ದನ್ನೆಲ್ಲ ಒಲೆಯ ಮುಂದೆ ಕೂತು ಕಲಿತವಳು. ಆಕೆಯ ವಿಳಾಸ ತಮಗೆ ಗೊತ್ತೇ ಇದೆ. ತಾವು ಮಲಗುವುದು ಆಕೆಯ ಮೇಲೆಯೇ.

ತಮ್ಮ ಆಯ್ಕೆಯಲ್ಲಿ ಕುಂದು ಹುಡುಕುವಂತಿಲ್ಲ. ಸ್ಮಶಾನದ ಮರಕ್ಕೆ ಕೊಡಲಿ ತಾಗಿಸಬಾರದೆಂದು ನಮ್ಮ ಹಿರಿಯರು ಕಟ್ಟು ಮಾಡಿದ್ದರಿಂದ, ಸುತ್ತಲಿನ ಮರಗಳೆಲ್ಲ ಇದ್ದಿಲಾಗಿ ಪೇಟೆ ಸೇರಿದರೂ ಅಲ್ಲಿ ಮಾತ್ರ ದಟ್ಟ ನೆರಳುಂಟು. ಸತ್ತವರಿಗೆಂದು ಉಳಿಸಿದ್ದು ತಮಗೆ ಒದಗಿತು. ಜಿಂಕೆಯನ್ನು ಕೊಂಬೆಗೆ ನೇತುಹಾಕಿ, ಕೆಳಗಿನ ಮಣ್ಣಿನ ದಿಬ್ಬದ ಮೇಲೆ ಹೊಟ್ಟೆ ಮೇಲೆ ಮಾಡಿಕೊಂಡು ತಾವು ನಿದ್ರಿಸುವ ಭಂಗಿಯ ದೊಡ್ಡ ಚಿತ್ರವೊಂದು ಪ್ರವಾಸಿಗರ ಲಾಡ್ಜಿನ ಊಟದ ಕೋಣೆಯಲ್ಲಿ ರಾರಾಜಿಸುತ್ತಿದೆ. ತಮ್ಮ ಮೀಸೆಯ ಒಂದೊಂದು ಕೂದಲನ್ನೂ ಎಣಿಸಬಹುದು. ತಲೆಯ ಬಳಿಯಿದ್ದ ಎನೆಲೆಸಳ ಶಿಲುಬೆಯನ್ನು ಮಾತ್ರ ಅಳಿಸಿಬಿಟ್ಟಿದ್ದಾರೆ. ಅಲ್ಲಿ ಗೈಡ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿ ಫಿಲೆಮೋನ್, “ಬೇಜಾರ್ ಮಾಡ್ಕೋಬೇಡಿ ಮೇಷ್ಟ್ರೇ, ಕಾಡು ಅಂದ್ರೆ ಕಾಡಿನ ಥರಾನೇ ಕಾಣ್ಬೇಕಂತೆ, ಮನುಷ್ಯರ ಗುರುತಿದ್ರೆ ಗೆಸ್ಟ್‌ಗಳು ಮುಖ ಸಿಂಡರಿಸ್ತಾರೆ” ಎಂದು ಸಮಾಧಾನ ಹೇಳಿದ.

ವಿಷಯಕ್ಕೆ ಬರುತ್ತೇನೆ. ಆಕೆ ಹೋಗಿ ವರ್ಷ ತುಂಬಿತು. ಮೊದಲ ಮಳೆಗೆ ಮುಂಚೆ ತವರಿನವರು ಬಂದು ದಿಬ್ಬದ ಸುತ್ತ ಇಟ್ಟಿಗೆ ಕಟ್ಟಿ ಸಿಮೆಂಟು ಮೆತ್ತಬೇಕು. ಆಮೇಲಷ್ಟೇ ನನ್ನ ತಲೆ ಬೋಳಿಸಿ ದುಃಖದಿಂದ ಬಿಡಿಸುತ್ತಾರೆ. ಶಿಲುಬೆಯ ಒಂದು ತೋಳನ್ನು ಗೆದ್ದಲು ಈಗಾಗಲೇ ಮುಗಿಸಿದೆ. ಒಂದು ಒಳ್ಳೆಯ ಮಳೆ ಹೊಡೆದರೆ ದಿಬ್ಬವೂ ಕರಗಿ, ನನ್ನ ಎನೆಲೆಸ್ ಯಾವ ಕಡೆ ಮಲಗಿದ್ದಾಳೆಂದು ಹೇಳಬಲ್ಲವರು ತಾವೊಬ್ಬರೇ ಉಳಿಯುತ್ತೀರಿ. ಅವಳ ತಮ್ಮ ಕೆನಾನ್‌ಗೆ ಭಾವನನ್ನು ಹಂಗಿಸುವ ಹಕ್ಕು ನಮ್ಮಲ್ಲಿ ಹುಟ್ಟಿನಿಂದಲೇ ಬರುತ್ತದೆ, ಅವನು ಅದನ್ನು ವ್ಯರ್ಥ ಮಾಡುವವನಲ್ಲ. “ಏನ್ ಭಾವ, ಬದುಕಿದ್ದಾಗ ನಮ್ಮಕ್ಕಂಗೆ ಒಂದು ಒಳ್ಳೇ ಕಂಬಳಿ ತರ್ಲಿಲ್ಲ, ಈಗ ಚಿರತೆ ಚರ್ಮಾನೇ ಹೊದಿಸಿದೀಯಲ್ಲ, ಅದೂ ಜೀವಂತ!” ಎಂದು ಬಾವಿಕಟ್ಟೆಯ ಹೆಂಗಸರೆಲ್ಲ ಕೇಳುವಂತೆ ಕೂಗಿದ.

ಅಭಯಾರಣ್ಯದ ಕಚೇರಿಗೆ ಹೋದೆ. ಮರಿಗಳು ದೊಡ್ಡವಾಗುವ ತನಕ ಇನ್ನೂರು ಹೆಜ್ಜೆಯೊಳಗೆ ಯಾರೂ ಕಾಲಿಡಕೂಡದು, ತಮ್ಮ ಏಕಾಂತಕ್ಕೆ ಭಂಗ ಬರುತ್ತದೆ ಎಂದರು. ದಿನಾ ಬೆಳಿಗ್ಗೆ ಮೂರು ಜೀಪುಗಳು ತಮ್ಮ ಏಕಾಂತದ ಹತ್ತು ಹೆಜ್ಜೆ ಹತ್ತಿರ ನಿಂತಿರುತ್ತವೆ. ನನ್ನನ್ನೂ ಜೀಪಿನಲ್ಲೇ ಕರೆದೊಯ್ಯಿರಿ ಎಂದರೆ, “ಅದು ಅತಿಥಿಗಳಿಗೆ ಮೇಷ್ಟ್ರೇ, ತಾವು ಸ್ಥಳೀಯರು” ಎಂದರು. ಸ್ಥಳೀಯನಾದ ತಪ್ಪಿಗೆ ಕ್ಷಮೆ ಕೇಳಿ ಹಿಂದಿರುಗಿದೆ.

ಕೊನೆಗೆ ಫಿಲೆಮೋನನೇ ನನಗೊಂದು ಖಾಕಿ ಅಂಗಿ ತೊಡಿಸಿ, ಪ್ರಾಣಿ ಹುಡುಕಿಕೊಡುವ ಆಳೆಂದು ಸುಳ್ಳು ಹೇಳಿ ಮುಂದಿನ ಸೀಟಿನಲ್ಲಿ ಕೂರಿಸಿದ. ತಾವು ಆಕಳಿಸಿದಿರಿ, ಎಲ್ಲರೂ ಉಸಿರು ಬಿಗಿಹಿಡಿದರು. ನನ್ನ ಕಣ್ಣಲ್ಲಿ ನೀರು ಕಂಡು, ಹಿಂದೆ ಕೂತಿದ್ದ ಹೆಂಗಸು ಭುಜ ಮುಟ್ಟಿ ಏಕೆಂದು ಕೇಳಿದಳು. “ಮೈ ವೈಫ್” ಎಂದು ಬೆರಳು ತೋರಿಸಿದೆ. ಉಳಿದ ವಾಕ್ಯ ಬರಲಿಲ್ಲ. ಆಕೆ ತಮ್ಮನ್ನು ನೋಡಿ, ನನ್ನನ್ನು ನೋಡಿ, ಸ್ವಲ್ಪ ದೂರ ಸರಿದು ಕೂತಳು.

ಆದಕಾರಣ ಬರುವ ಶನಿವಾರ ಒಂದು ದಿನದ ಮಟ್ಟಿಗೆ ತಾವು ಸಂಸಾರ ಸಮೇತ ನದಿಯಾಚೆ ನೆಂಟರ ಮನೆಗೆ ದಯಮಾಡಿಸಬೇಕು. ಆಗದಿದ್ದರೆ ಜಿಂಕೆಯನ್ನಾದರೂ ಪಕ್ಕದ ಕೊಂಬೆಗೆ, ಹಳೆಯ ಊರಗೌಡರ ಸಮಾಧಿಯ ನೇರಕ್ಕೆ, ವರ್ಗಾಯಿಸಬೇಕು. ಅವರು ಬದುಕಿದ್ದಷ್ಟು ಕಾಲ ಮಾಂಸ ಬೇಡವೆಂದವರಲ್ಲ. ಅದೂ ಆಗದಿದ್ದರೆ, ಹೆಂಗಸರು ಹಾಡುವಾಗ ಹತ್ತಿರದ ಬಂಧುವಿನಂತೆ ತಲೆ ತಗ್ಗಿಸಿ ಕೂರಬೇಕು. ನಮ್ಮ ಕಡೆಯ ಜೂನ್ ತಿಂಗಳ ಚಳಿ ಎನೆಲೆಸ್‌ಗೆ ಆಗುತ್ತಿರಲಿಲ್ಲ. ಈ ಸಲ ತಾವು ಬೆಚ್ಚಗಿಟ್ಟಿದ್ದೀರಿ. ಅದು ನನ್ನಿಂದ ಆಗದ ಕೆಲಸ, ಅದಕ್ಕೆ ಋಣಿ.

ತಮ್ಮ ವಿಶ್ವಾಸಿ,
ಯೋತಾಮ್ ಸಕಾಲಾ

ಮರೆತ ಮಾತು: ಪಶ್ಚಿಮಕ್ಕೆ ಮೋಡ ಕಟ್ಟಿದೆ. ತಮ್ಮ ಉತ್ತರ ಬರಲಿ ಬಿಡಲಿ, ಶನಿವಾರ ನಾವು ನಲವತ್ತು ಜನ ಡೋಲು ಬಡಿಯುತ್ತಾ ನಡೆದೇ ಬರುತ್ತೇವೆ. ಈ ಪತ್ರದ ಪ್ರತಿಯನ್ನು ಕಚೇರಿಯ ಬಾಗಿಲಿಗೂ ಲಾಡ್ಜಿನ ಆ ಚಿತ್ರದ ಕೆಳಗೂ ಅಂಟಿಸಿದ್ದೇನೆ. ಮಣ್ಣಿಗೆ ಬಂದವರು ಯಾರೇ ಆಗಲಿ, ನಮ್ಮಲ್ಲಿ ಕೈ ಕಟ್ಟಿ ನಿಂತು ನೋಡುವ ಪದ್ಧತಿಯಿಲ್ಲ. ಆದ್ದರಿಂದ ಮೂರು ಜೀಪಿನ ಅತಿಥಿಗಳಿಗೂ, ತಡೆಯಲು ಬರುವ ಅಧಿಕಾರಿಗಳಿಗೂ, ತಲಾ ಎರಡು ಇಟ್ಟಿಗೆ ಬೇರೆಯಾಗಿ ಎತ್ತಿಟ್ಟಿದ್ದೇವೆ.